ಹಳ್ಳದ ದಂಡೆಯ ಒಣ ಕಟ್ಟಿಗೆ

ಶಿವಶರಣಪ್ಪ ಟೆಂಪೊದಿಂದ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದ. ಒದ್ದೆ ಗೋಡೆಗೆ ಅಂಗೈಯಿಂದ ಹೊಡೆದಂಥ ಸದ್ದು ಬಂತು.

"ಕೇಳಿದ್ರೇನ್ರಿ ಅಕ್ಕಾರ? ಒಣಾ ಕಟಗಿ ಆದ್ರ ಟಣ್ ಅಂತದ. ಇದು ಧಪ್ ಅಂತದ. ಇದರಾಗ ಇನ್ನಾ ಗಿಡದ ಜೀವ ಅದ."

"ದೀಪಾವಳಿಗಿ ಕಡದದ್ದರಿ," ಅಂದಳು ಅಕ್ಕನಾಗಮ್ಮ.

"ಯಾವ ದೀಪಾವಳಿ? ಮೊನ್ನೀದೇನು?" ಕಟ್ಟಿಗೆ ವಖಾರಿಯ ಹಮಾಲರು ನಕ್ಕರು. ಶಿವಶರಣಪ್ಪ ಉಗುರಿನಿಂದ ತೊಗಟೆ ಕೆರೆದು, ಮೂಸಿ, ತುಂಡನ್ನು ಮರಳಿ ಟೆಂಪೊಕ್ಕೆ ಎಸೆದ. "ಮ್ಯಾಲ ಪ್ಲಾಸ್ಟಿಕ್ ಹೊಚ್ಚಿದ್ರ್ಯಾ?"

"ಹೌದರಿ. ಇಬ್ಬನಿ ಬೀಳ್ತದಂತ."

"ಕೂಸಿಗಿ ದುಪಟಿ ಹೊಚ್ಚಿದಂಗ ಹೊಚ್ಚೀರಿ. ಗಾಳಿ ಆಡ್ಲಿಲ್ಲ, ಒಳಗೊಳಗ ಬೆವತು ಕುಂತಾವ. ಸೀಳಿಲ್ಲ, ತೊಗಟಿ ಸುಲದಿಲ್ಲ. ಯಾರ್ರಿ ನಿಮಗ ಈ ಧಂದಾ ಹೇಳಿಕೊಟ್ಟಾಂವ?"

ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಹೇಳಿ ಇನ್ನಷ್ಟು ನಗಿಸುವ ಮನಸ್ಸು ಅವಳಿಗಿರಲಿಲ್ಲ. "ಅದಲಾಬದಲಿ ಮಾಡ್ಕೋರಿ," ಅಂದಳು. "ಗಾಡಿ ತುಂಬ ಹಸೀದು ತಗೋರಿ, ಅರ್ಧ ಗಾಡಿ ಒಣಾದು ಕೊಡ್ರಿ. ನಿಮ್ಮ ಹಂತ್ಯಾಕ ಜಾಗಾ ಅದ, ಒಣಸ್ಕೋತೀರಿ."

"ಪಾವ ಗಾಡಿ ಕೊಡ್ತೀನಿ. ಅದೂ ನಿಮ್ಮ ಮಾರಿ ನೋಡಿ." ಆಮೇಲೆ ಅವನು ಅವಳ ಮುಖವನ್ನು ನಿಜವಾಗಿಯೇ ನೋಡಿದ. "ತಡೀರಿ, ನೀವು ವಾಗದರಿ ಚನ್ನವೀರಪ್ಪನವರ ಮನ್ಯಾಗಿನವರಲ್ಲೇನ್ರಿ? ಅವರ ತಮ್ಮನ ಹೇಣ್ತಿ? ಅಂಥಾ ಮನ್ಯಾಗಿನ ಹೆಣ್ಮಕ್ಕಳು ಕಟಗಿ ಹೊತ್ಕೊಂಡು ಬಂದೀರಂದ್ರ ಮನ್ಯಾಗ ಏನ ಕಡಿಮಿ ಆಗ್ಯದ?"

ಅಕ್ಕನಾಗಮ್ಮ ಸೆರಗನ್ನು ಮುಂದಕ್ಕೆಳೆದು ಟೆಂಪೊ ಹತ್ತಿ ಡ್ರೈವರನ ಪಕ್ಕ ಕುಳಿತಳು. "ನಡಿ ಗುರುಸಿದ್ಧಾ," ಅಂದಳು.

ಮನೆಯಲ್ಲಿ ಕಡಿಮೆ ಏನೂ ಆಗಿರಲಿಲ್ಲ. ತೊಗರಿ ಇತ್ತು, ಕಬ್ಬಿತ್ತು, ಬಾವಿಯಲ್ಲಿ ನೀರಿತ್ತು. ಆದರೆ ಕಣಜದ ಕೀಲಿ, ಬ್ಯಾಂಕಿನ ಪುಸ್ತಕ ಎರಡೂ ಭಾವ ಚನ್ನವೀರಪ್ಪನ ಸೊಂಟದಲ್ಲಿದ್ದವು. ಅವಳ ಗಂಡ ಕಲ್ಲಣ್ಣ ಅಣ್ಣನ ಮುಂದೆ ಮಾತಾಡುವ ಗಂಡಸಲ್ಲ. ಮಗಳು ಪ್ರಾಜಕ್ತಾ ಸೋಲಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು. ಫೀಸನ್ನು ಸ್ಕಾಲರ್‌ಶಿಪ್ ಕಟ್ಟುತ್ತಿತ್ತು, ಹಾಸ್ಟೆಲಿನಲ್ಲಿ ಮಲಗಲು ಕಾಟು ಸಿಕ್ಕಿತ್ತು, ಊಟ ಮಾತ್ರ ಹೊರಗಿನ ಮೆಸ್ಸಿನಲ್ಲಿ. ದಸರೆಯ ಹೊತ್ತಿಗೆ ದುಧನಿಯ ಒಬ್ಬ ಅಡತ್ ವ್ಯಾಪಾರಿಯ ಮನೆಯಿಂದ ಹುಡುಗಿಗೆ ಮದುವೆಯ ಕೇಳಿಕೆ ಬಂತು. ಚನ್ನವೀರಪ್ಪ ಮೆಸ್ಸಿನ ಹಣ ನಿಲ್ಲಿಸಿದ. ಅಕ್ಕನಾಗಮ್ಮ ಮದುವೆಯಾದ ಮೇಲೆ ಮೊದಲ ಸಲ ಭಾವನ ಎದುರು ನಿಂತು ಮಾತಾಡಿದ್ದು ಆಗಲೇ. ನಾಲ್ಕು ಹಿರಿಯರು ಕೂಡಿದರು. ಚನ್ನವೀರಪ್ಪ ಜಾಣ, ಇಲ್ಲ ಅನ್ನಲಿಲ್ಲ.

"ಓದ್ಲಿ," ಅಂದ. "ಮನೀ ರೊಕ್ಕದಾಗ ಅಕೀ ಹೊಟ್ಟಿಗಿ ಒಂದ ರೊಟ್ಟಿ ಹೋಗಬಾರ್ದು, ಅಷ್ಟ. ತಾಯಿ ಉಣಸ್ತಾಳಂದ್ರ ಉಣಸ್ಲಿ. ಅಕೀ ಊಟ ನಿಂತ ದಿನಾ ನಾ ದುಧನಿಯವರಿಗಿ ಹೂಂ ಅಂತೀನಿ."

ಹಿರಿಯರು ಇದು ನ್ಯಾಯ ಅಂದರು.

ಹೊಲದ ತೆಂಕಣ ಬದುವಿನ ಜಾಲಿಮರಗಳು ಹಿಂದೊಮ್ಮೆ ಪಾಲಿನ ಮಾತು ಬಂದಾಗ ಕಲ್ಲಣ್ಣನ ಹೆಸರಿಗೆ ಬಂದಿದ್ದವು. ಬದುವಿನ ಜಾಲಿ ಯಾರಿಗೆ ಬೇಕು ಎಂದು ಭಾವನೇ ಬಿಟ್ಟುಕೊಟ್ಟಿದ್ದ. ಮನೆಯ ಒಳಗೂ ಹೊರಗೂ ಅವಳ ಕೈಯಳತೆಯಲ್ಲಿದ್ದದ್ದು ಅದೊಂದೇ. ಮೈಂದರ್ಗಿ ಸಂತೆಯಲ್ಲಿ ಕೊಡಲಿ ಕೊಂಡಳು. ಮೊದಲ ವಾರ ಹಿಡಿಯಲು ಬರದೆ ಅಂಗೈಯ ಚರ್ಮ ಕಿತ್ತು ಬಂತು. ಮುಳ್ಳು ಮುರಿದು ಹಿಮ್ಮಡಿಯಲ್ಲಿ ಕೀವಾಯಿತು. ನೆಗೆಣ್ಣಿ ಬಾಗಿಲಲ್ಲಿ ನಿಂತು ನೋಡಿದಳು, ಕಲ್ಲಣ್ಣ ನೋಡಲಾರದೆ ದನದ ಕೊಟ್ಟಿಗೆಗೆ ಹೋದ.

ಸಣ್ಣ ಹೊರೆಗಳನ್ನು ಅವಳು ಸಂತೆಗೆ ಒಯ್ದಳು. ಒಂದು ಹೊರೆಗೆ ಒಂದು ಬುಟ್ಟಿ ಉಳ್ಳಾಗಡ್ಡಿ, ಇನ್ನೊಂದಕ್ಕೆ ಹರಕು ಗೋಣಿಚೀಲಗಳು, ಮತ್ತೊಂದಕ್ಕೆ ಬರೀ ಬೈಗುಳ. ಉಳ್ಳಾಗಡ್ಡಿಯಿಂದ ಸೋಲಾಪುರದಲ್ಲಿ ಹುಡುಗಿಯ ಹೊಟ್ಟೆ ತುಂಬುವುದಿಲ್ಲ. ಆಗ ಪ್ರಾಜಕ್ತಾಳೇ ಫೋನಿನಲ್ಲಿ ಹೇಳಿದಳು: ಅವಳು ಉಣ್ಣುವ ಮೆಸ್ಸಿನ ಸೋನಾಬಾಯಿ ಗ್ಯಾಸು ತುಟ್ಟಿಯಾಯಿತೆಂದು ಹಿತ್ತಿಲಲ್ಲಿ ಮಣ್ಣೊಲೆ ಹೂಡಿದ್ದಾಳೆ, ಒಲೆಯ ರೊಟ್ಟಿ ಅಂದರೆ ಊರಿನವರು ಮುಗಿಬೀಳುತ್ತಾರೆ, ಕಟ್ಟಿಗೆ ಸಾಲುತ್ತಿಲ್ಲ. ಕರಾರು ಸುಲಭವಾಗಿ ಮುಗಿಯಿತು. ಒಂದು ಟೆಂಪೊ ಒಣ ಕಟ್ಟಿಗೆ, ಅದಕ್ಕೆ ಬದಲಾಗಿ ಪರೀಕ್ಷೆ ಮುಗಿಯುವವರೆಗೆ ಎರಡು ಹೊತ್ತಿನ ಊಟ.

ಗುರುಸಿದ್ಧನ ಟೆಂಪೊ ದುಧನಿಯ ಅಂಗಡಿಗಳಿಗೆ ಮಾಲು ತರಲು ಸೋಲಾಪುರಕ್ಕೆ ಖಾಲಿ ಹೋಗುತ್ತಿತ್ತು. ಹೋಗುವಾಗ ಕಟ್ಟಿಗೆ ಹೇರುವುದಕ್ಕೆ ಬಾಡಿಗೆಯಾಗಿ ಅವನು ಬೇಲಿಗೆ ಮುಳ್ಳುಕಂಟಿ, ಆಡುಗಳಿಗೆ ತೊಪ್ಪಲು ಒಪ್ಪಿಕೊಂಡ. ಹೋದ ವಾರ ಮೊದಲ ಖೇಪು ಹೋಯಿತು. ಒಲೆ ಹೊತ್ತಲಿಲ್ಲ. ಕಟ್ಟಿಗೆಯ ತುದಿಯಿಂದ ನೊರೆ ಉಕ್ಕಿತು, ಮೆಸ್ಸಿನ ತುಂಬ ಹೊಗೆ ತುಂಬಿ ಹುಡುಗಿಯರು ತಾಟು ಹಿಡಿದುಕೊಂಡು ರಸ್ತೆಗೆ ಓಡಿದರು. ರೊಟ್ಟಿ ಉಬ್ಬದೆ ಚಕ್ಕಳವಾದವು. ಸೋನಾಬಾಯಿ ಎಲ್ಲರೆದುರು ಪ್ರಾಜಕ್ತಾಳಿಗೆ, "ನಿಮ್ಮವ್ವಗ ಹೇಳು, ಐತವಾರದೊಳಗ ಒಣಾ ಕಟಗಿ ಬರ್ಬೇಕು. ಬರ್ಲಿಲ್ಲಂದ್ರ ಸೋಮವಾರ ನಿನ್ನ ತಾಟ ಇಡಂಗಿಲ್ಲ" ಅಂದಳು. ಆ ಹಸಿ ಕಟ್ಟಿಗೆಯನ್ನು ಮರುದಿನ ಮುನಿಸಿಪಾಲಿಟಿಯ ಗಾಡಿ ಒಯ್ದಿತು.

ಇವತ್ತು ರವಿವಾರ. ಅವಳ ಬಳಿ ಉಳಿದದ್ದೆಲ್ಲ ಇದೇ ಟೆಂಪೊದಲ್ಲಿತ್ತು, ಎಲ್ಲವೂ ಹಸಿ.

ಅಕ್ಕಲಕೋಟೆಯಲ್ಲಿ ಅವಳು ಮತ್ತೆ ಒಂದೆರಡು ಕಡೆ ಇಳಿದಳು. ಬೇಕರಿಯವನು, "ಹಸೀದು ನಾ ಏನ ಮಾಡ್ಲಿ, ಪಾವ-ಬ್ರೆಡ್ಡಿಗಿ ಜ್ವರಾ ಬರ್ತದ" ಅಂದ. ಕುಂಬಾರನೊಬ್ಬ ಒಂದು ಸಾಲು ಹೂಜಿ ಕೊಡುತ್ತೇನೆ ಅಂದ. ಹೂಜಿ ತಗೊಂಡು ಏನು ಮಾಡುವುದು. ಬಿಸಿಲು ಏರುತ್ತಿತ್ತು. ಗುರುಸಿದ್ಧ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಮಾಮಿ, ಸಂಜಿಗಿ ನಂದು ಮಾಲು ಲೋಡ್ ಆಗ್ಬೇಕು. ಇಲ್ಲೇ ಸುರವಿ ಹೋಗೋಣೇನು?"

"ಸೋಲಾಪುರ ತನಾ ದಾರಿ ಅದ. ನಡಿ."

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ದಂಡೆಯ ಮೇಲೆ ತಗಡಿನ ಚಪ್ಪರ. ಅದರ ಪಕ್ಕದಲ್ಲಿ, ಬೇಲಿಯ ಗುಂಟ, ಆಳೆತ್ತರಕ್ಕೆ ಒಟ್ಟಿದ ಕಟ್ಟಿಗೆ. ಬೂದುಬಣ್ಣಕ್ಕೆ ತಿರುಗಿ, ತುದಿಗಳಲ್ಲಿ ನಕ್ಷತ್ರದ ಹಾಗೆ ಸೀಳು ಬಿಟ್ಟ ಕಟ್ಟಿಗೆ. ಈಗ ಅಕ್ಕನಾಗಮ್ಮನಿಗೆ ಅಷ್ಟು ಗುರುತು ಸಿಗುತ್ತಿತ್ತು. "ನಿಂದ್ರಸು, ನಿಂದ್ರಸು," ಅಂತ ಗುರುಸಿದ್ಧನ ತೋಳು ಹಿಡಿದಳು.

ಚಪ್ಪರದ ನೆರಳಲ್ಲಿ ಬೀಡಿ ಸೇದುತ್ತ ಕುಳಿತಿದ್ದ ಮುದುಕನ ಹೆಸರು ಭಗವಾನ. ಅದು ಸುಡುಗಾಡು, ಅವನು ಅಲ್ಲಿ ಚಿತೆ ಒಟ್ಟುವವನು. ಅವಳು ಎರಡು ತುಂಡು ಎತ್ತಿ ಬಡಿದಳು. ಟಣ್ ಅಂತು. ಇನ್ನೆರಡು ಬಡಿದಳು. ಅವೂ ಹಾಗೇ ಅಂದವು.

"ಇದು ಮಾರಾಟಕ್ಕೇನ್ರಿ ಕಾಕಾ?"

"ಮಾರೋದಲ್ಲ ಬಾಯಿ. ಉಳದಿದ್ದು. ಹೆಣದ ಜೋಡಿ ತರ್ತಾರ, ಒಂದೀಟು ಹೆಚ್ಚಿಗೀನ ತರ್ತಾರ. ಉಳದದ್ದು ಮನೀಗಿ ಒಯ್ಯಂಗಿಲ್ಲ. ನಾ ಒಟ್ಟತೀನಿ. ಯಾರೂ ಇಲ್ಲದಾಂವ ಬಂದ್ರ ಅಂವಗ ಹಾಕ್ತೀನಿ."

"ನಾ ಗಾಡಿ ತುಂಬ ಜಾಲಿ ಕೊಡ್ತೀನಿ. ಹಸೀದು ಖರೇ, ಬ್ಯಾಸಗಿ ಕಳಿಯೂದ್ರಾಗ ಒಣಗ್ತದ. ನನಗ ಇದ ಕೊಡ್ರಿ."

ಮುದುಕ ಅವಳ ಕೊರಳ ಲಿಂಗದ ಕರಡಿಗೆಯನ್ನೂ ಹಣೆಯ ವಿಭೂತಿಯನ್ನೂ ನೋಡಿದ. "ಲಿಂಗಾಯತ್ರೇನ್ರಿ? ನಿಮ್ಮಲ್ಲಿ ಮಣ್ಣು ಕೊಡ್ತಾರಲ್ಲ. ನಿಮಗ ನಡೀತದ ಇದು?"

"ಕಟಗಿ ಯಾಕ ನಡ್ಯಂಗಿಲ್ಲರಿ? ಒಣಾ ಅದ, ಅಷ್ಟ ಸಾಕು."

"ನಿಮ್ಮ ಖುಷಿ." ಅವನು ಹಸಿ ರಾಶಿಯನ್ನು ನೋಡಿ ಬಾಯಿ ಸೊಟ್ಟ ಮಾಡಿದ. "ಗಾಡ್ಯಾಗಿನ ಆ ಕೊಡ್ಲಿ ಭೀ ಕೊಡ್ಬೇಕು. ನನ್ನ ಕೊಡ್ಲಿ ಕಾವು ಮುರದದ. ಮತ್ತ ನಿಮ್ಮದು ನೀವ ಒಟ್ಟಿಕೊಟ್ಟು ಹೋಗ್ಬೇಕು. ನನ್ನ ಸೊಂಟ ಹೋಗ್ಯದ."

ಕೊಡಲಿ ಕೊಟ್ಟರೆ ಮುಂದೆ ಕಡಿಯುವುದು ಯಾವುದರಿಂದ? ಅವಳು ಅದನ್ನು ಯೋಚಿಸಿದಳು, ಮತ್ತು ಕೊಟ್ಟಳು. ಮುಂದಿನದು ಮುಂದೆ, ಸೋಮವಾರ ನಾಳೆ ಇತ್ತು. ಅವಳೂ ಗುರುಸಿದ್ಧನೂ ಹಸಿಯನ್ನು ಇಳಿಸಿ ಒಟ್ಟಿ ಒಣದನ್ನು ಹೇರಿದರು. ಒಣ ತುಂಡು ಎಷ್ಟು ಹಗುರ ಎಂದರೆ ಎತ್ತಿದ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು.

"ಮಾಮಿ, ದೆವ್ವ ಗಿವ್ವ ಹಿಂದ ಹತ್ತಿ ಬಂದ್ರ?" ಅಂದ ಗುರುಸಿದ್ಧ, ಗಾಡಿ ಚಾಲು ಮಾಡುತ್ತ.

"ಬರ್ಲಿ. ಅವಕ್ಕೂ ಸೋಲಾಪುರ ನೋಡಿದಂಗ ಆಗ್ತದ."

ವಾಗದರಿಯಲ್ಲಿ ಹೆಣ ಸುಡುವ ಮನೆತನಗಳಿದ್ದವು, ಅವಳಿಗೆ ಗೊತ್ತಿತ್ತು. ಆದರೆ ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ, ಅವಳ ಮನೆಯ ಗಂಡಸರು ಹೋಗಿ ಬಂದರೂ ಹೇಳುವುದಿಲ್ಲ. ಅವಳ ಕುಲದ ಸತ್ತವರು ಕುಣಿಯಲ್ಲಿ ಕುಳಿತುಕೊಂಡೇ ಮಣ್ಣಾಗುತ್ತಾರೆ, ಅವರಿಗೆ ಬೇಕಾದದ್ದು ವಿಭೂತಿ, ಪತ್ರಿ, ಉಪ್ಪು. ಸಾವಿಗೂ ಕಟ್ಟಿಗೆಗೂ ಏನು ಸಂಬಂಧ ಎಂದು ಅವಳು ಜೀವನದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಸೋನಾಬಾಯಿ ಮೆಸ್ಸಿನ ಹಿತ್ತಿಲಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಐವತ್ತು ದಾಟಿದ, ಕುಂಕುಮವಿಲ್ಲದ ದಪ್ಪ ಹೆಂಗಸು. ಕನ್ನಡವನ್ನೂ ಮರಾಠಿಯನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುವವಳು. ಅವಳೂ ತುಂಡು ಬಡಿದು ನೋಡಿದಳು. ಎಲ್ಲರೂ ಹೀಗೆ ಬಡಿದು ನೋಡುತ್ತಾರೆ ಎನ್ನುವುದನ್ನು ಅಕ್ಕನಾಗಮ್ಮನಿಗೆ ಯಾಕೆ ಯಾರೂ ಮೊದಲೇ ಹೇಳಲಿಲ್ಲ?

"ಹಾಂ! ಇದಕ್ಕ ಅಂತಾರ ಲಾಕೂಡ, ಒಣಾ ಕಟಗಿ," ಅಂದಳು ಸೋನಾಬಾಯಿ. "ಚಲೋ ತಂದ್ರಿ ನೋಡ್ರಿ ತಾಯಿ."

ಕಟ್ಟಿಗೆ ಇಳಿಯುತ್ತಿದ್ದಂತೆಯೇ ಅವಳು ಒಲೆ ಹಚ್ಚಿದಳು. ಒಂದೇ ಕಡ್ಡಿಗೆ ಬೆಂಕಿ ಹಿಡಿಯಿತು. ಹೊಗೆ ಇಲ್ಲ, ನಿಚ್ಚಳ ಉರಿ. ರೊಟ್ಟಿ ಬಡಿದು ಹಂಚಿಗೆ ಹಾಕಿದಳು, ಉರಿಗೆ ನಿಲ್ಲಿಸಿದಳು, ಅದು ಚೆಂಡಿನ ಹಾಗೆ ಉಬ್ಬಿತು. ಒಳಗೆ ತಾಟಿನ ಮುಂದೆ ಕುಳಿತ ಹುಡುಗಿಯರಿಗೆ ಬಿಸಿ ರೊಟ್ಟಿ ಹೋಗತೊಡಗಿತು. ದವಾಖಾನೆಯ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲಿಯೇ ಪ್ರಾಜಕ್ತಾ ಬಂದಳು. ತಾಯಿಯ ಮುಖ, ಒಲೆಯ ಉರಿ ನೋಡಿ ಅವಳ ಭುಜಗಳು ಇಳಿದವು. ಒಂದು ವಾರದಿಂದ ಬಿಗಿದುಕೊಂಡೇ ಇದ್ದವು ಅವು. ತಾಟು ತಗೊಂಡು ಬಾಗಿಲ ಹತ್ತಿರ ಕುಳಿತಳು.

"ನಮ್ಮ ಕಟಗಿ ಅಂವಾ ಬರೇ ಲಬಾಡ," ಅಂದಳು ಸೋನಾಬಾಯಿ ಹಿಟ್ಟು ನಾದುತ್ತ. "ಎಲ್ಲಿಂದ ತಂದ್ರಿ ಇದ? ಆ ವಖಾರಿ ಹೆಸರು ನನಗೂ ಹೇಳ್ರಿ."

ಕಟ್ಟಿಗೆಯ ವಿಷಯದಲ್ಲಿ ಅವಳನ್ನು ಒಬ್ಬರು ಸಲಹೆ ಕೇಳಿದ್ದು ಅದೇ ಮೊದಲು. ಅಕ್ಕನಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕುಳಿತಳು.

"ವಖಾರಿ ಅಲ್ಲರಿ. ಅಕ್ಕಲಕೋಟಿ ದಾಟಿ ಈಚಿಗಿ ಹಳ್ಳದ ದಂಡಿಗಿ ಸುಡುಗಾಡ ಅದ ನೋಡ್ರಿ—"

"ಅವ್ವಾ," ಅಂದಳು ಪ್ರಾಜಕ್ತಾ.

"—ಅಲ್ಲೀದು. ಹೆಣಕ್ಕಂತ ತಂದು ಉಳದಿದ್ದರಿ. ವರ್ಷಾನುಗಟ್ಲೆ ಬಿಸಲಾಗ ಬಿದ್ದಾವ, ಒಂದು ಹನಿ ಹಸಿ ಇಲ್ಲ. ಒಬ್ಬರಿಗೂ ತಿಳದಿಲ್ಲ ಅಲ್ಲಿ ಇಷ್ಟು ಒಣಾ ಕಟಗಿ—"

"ಅವ್ವಾ, ಬಾಯಿ ಮುಚ್ಚು!"

ಸೋನಾಬಾಯಿಯ ಕೈ ಹಿಟ್ಟಿನಲ್ಲಿಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿಯನ್ನು ಯಾರೂ ತಿರುವಲಿಲ್ಲ. ಅದು ಉಬ್ಬಿ, ಕಪ್ಪಾಗಿ, ಹೊತ್ತತೊಡಗಿತು. ಒಳಗೆ ಒಬ್ಬ ಹುಡುಗಿ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗುಳಿಕೊಂಡಳು. ಇನ್ನೊಬ್ಬಳು ಎದ್ದು ಬಚ್ಚಲಿಗೆ ಓಡಿದಳು.

"ಮಸಣದ ಲಾಕೂಡ," ಅಂದಳು ಸೋನಾಬಾಯಿ, ತುಂಬ ಸಣ್ಣ ದನಿಯಲ್ಲಿ. "ನನ್ನ ಚೂಲಿಗಿ? ನನ್ನ ಒಲಿಗಿ?"

"ಸುಟ್ಟದ್ದಲ್ಲರಿ. ಹೆಣಕ್ಕ ಮುಟ್ಟಿಲ್ಲ. ಬರೇ ಹಂತ್ಯಾಕ ಇಟ್ಟಿದ್ದು. ಕಟಗೀನ ಅಲ್ಲೇನ್ರಿ?"

"ನನ್ನ ಗಂಡನ ಚಿತಾಕ್ಕ ತಂದದ್ದೂ ಉಳದಿತ್ತು," ಅಂದಳು ಸೋನಾಬಾಯಿ. ಈಗ ದನಿ ಏರುತ್ತಿತ್ತು. "ನನ್ನ ಮಗ ಅದನ್ನ ಅಲ್ಲೇ ಬಿಟ್ಟು, ಹಿಂದ ನೋಡ್ದೆ ಬಂದಾನ. ಹಿಂದ ನೋಡಬಾರ್ದು ಅಂತಾರ, ನೋಡಿದ್ರ ಸತ್ತಾಂವ ಮನೀ ತನಾ ಬರ್ತಾನ ಅಂತಾರ. ನೀ ಅಂಥಾದ್ದನ್ನ ಗಾಡ್ಯಾಗ ಹೇರ್ಕೊಂಡು ಬಂದಿ!"

"ನಮಗ ಗೊತ್ತಿಲ್ಲರಿ. ನಮ್ಮಲ್ಲಿ ಮಣ್ಣು ಕೊಡ್ತಾರ."

"ಹೌದಾ? ಹಂಗಾದ್ರ ನಿಮ್ಮತ್ತಿ ಕುಣಿ ಮ್ಯಾಲಿನ ಮಣ್ಣ ತಂದು ನಿಮ್ಮ ಒಲಿ ಸಾರಸ್ತೀಯೇನು? ಆ ಒಲಿ ಮ್ಯಾಲ ರೊಟ್ಟಿ ಮಾಡಿ ಉಣ್ತೀಯೇನು?"

ಆ ಕ್ಷಣಕ್ಕೆ ಅಕ್ಕನಾಗಮ್ಮನಿಗೆ ಎಲ್ಲವೂ ತಿಳಿಯಿತು. ತಿಳಿದು ಏನೂ ಪ್ರಯೋಜನವಿರಲಿಲ್ಲ.

ಸೋನಾಬಾಯಿ ಕೊಡಪಾನ ಎತ್ತಿ ಒಲೆಯೊಳಗೆ ನೀರು ಸುರಿದಳು. ಸುಟ್ಟ ರೊಟ್ಟಿ, ನಾದಿದ ಹಿಟ್ಟು, ಪಲ್ಯದ ಪಾತೇಲಿ ಎಲ್ಲವನ್ನೂ ಮೋರಿಗೆ ಸುರಿಯಲು ಹೇಳಿದಳು. ಯಾರನ್ನೋ ಗೋಮೂತ್ರಕ್ಕೆ ಓಡಿಸಿದಳು. ಆಮೇಲೆ ಪ್ರಾಜಕ್ತಾಳ ಮುಂದಿನ ತಾಟನ್ನು ತಾನೇ ಎತ್ತಿದಳು. ಬೈಯಲಿಲ್ಲ. "ನೀ ಚಲೋ ಪೋರಗಿ ಅದಿ," ಅಂದಳು. "ಆದ್ರ ನಾಳಿಂದ ಬರಬ್ಯಾಡ. ಈ ಹುಡಿಗ್ಯಾರು ನಿನ್ನ ಜೋಡಿ ಉಣ್ಣಂಗಿಲ್ಲ, ನಾ ಏನ ಮಾಡ್ಲಿ. ಒಲಿ ಒಡದು ಹೊಸಾದು ಹಾಕ್ಬೇಕೀಗ ನಾ."

ಕಟ್ಟಿಗೆಯನ್ನು ತಾಯಿ, ಮಗಳು, ಗುರುಸಿದ್ಧ ಮೂವರೂ ಮತ್ತೆ ಟೆಂಪೊಕ್ಕೆ ಹೇರಿದರು. ಓಣಿಯವರು ದೂರ ನಿಂತು ನೋಡಿದರು. ಯಾರೂ ಕೈ ಹಚ್ಚಲಿಲ್ಲ. ಪ್ರಾಜಕ್ತಾ ತುಂಡುಗಳನ್ನು ಎಸೆಯುತ್ತಿದ್ದಳು, ಯೂನಿಫಾರ್ಮಿನ ತೋಳು ಹರಿಯಿತು.

"ಯಾಕ ಹೇಳಿದಿ?" ಅಂದಳು ಕೊನೆಗೆ.

"ಕೇಳಿದ್ರು. ಹೇಳಿದೆ."

"ಕೇಳಿದ್ದಕ್ಕೆಲ್ಲ ಹೇಳ್ತಾರೇನ? ಜಾಲಿ ಅಂತ ಅನ್ನಾಕ ಏನಾಗಿತ್ತು? ನಮ್ಮ ಹೊಲದ್ದು ಅಂತ ಅನ್ನಾಕ ಏನಾಗಿತ್ತು?"

"ನನಗ ಗೊತ್ತಿರ್ಲಿಲ್ಲಲ್ಲವಾ. ನಿನಗ ಹೆಂಗ ಗೊತ್ತು?"

"ನಾ ದವಾಖಾನ್ಯಾಗ ದಿನಾ ಹೆಣಾ ಒರಸ್ತೀನಿ ಅವ್ವಾ. ಮನ್ಯಾಗಿನವರು ಏನೇನು ಮುಟ್ಟತಾರ, ಏನೇನು ಮುಟ್ಟಂಗಿಲ್ಲ, ನೋಡ್ತೀನಿ." ಅವಳು ಟೆಂಪೊದ ಹಿಂಬಾಗಿಲಿಗೆ ಒರಗಿದಳು. "ಹಳ್ಳಕ್ಕ ಚೆಲ್ಲಿಬಿಡು. ನಾ ಬರ್ತೀನಿ ಊರಿಗಿ. ಮದಿವಿ ಮಾಡ್ಕೋತೀನಿ. ಬ್ಯಾಸರ ಆಗ್ಯದ ನನಗ, ಒಂದು ರೊಟ್ಟಿಗಿ ಇಷ್ಟು ಮಾರಿ ತಗ್ಗಿಸೋದು."

ಅಕ್ಕನಾಗಮ್ಮನಿಗೆ ಮಗಳ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯುವಷ್ಟು ಕಸುವು ಉಳಿದಿರಲಿಲ್ಲ. ಅವಳು ಗುರುಸಿದ್ಧನ ಕಡೆ ತಿರುಗಿದಳು. "ಕಟಗಿ ಉರಸೋ ಇನ್ನೊಂದು ಜಾಗಾ ಈ ಊರಾಗ ಇಲ್ಲೇನ?"

ಗುರುಸಿದ್ಧ ತಲೆ ಕೆರೆದುಕೊಂಡ. "ಹೋಟಗಿ ರಸ್ತಾಕ್ಕ ಒಂದ ಹೋಟೇಲ ಅದ. ಚೂಲೀ ಮ್ಯಾಲ ಮಾಡ್ತಾರ. ಇವರ ಹಾಸ್ಟೇಲಿಗೂ ಹತ್ರ. ಆದ್ರ..."

"ಆದ್ರ ಏನು?"

"ಮಟಣದ ಹೋಟೇಲ್ರಿ ಮಾಮಿ."

"ನಿನಗ ಹೆಂಗ ಗೊತ್ತು ಲಿಂಗವಂತರ ಹುಡುಗಾ?"

"ಅಲ್ಲಿ ಶೇಂಗಾ ಚಟ್ನಿ ಚಲೋ ಇರ್ತದ್ರಿ," ಅಂದ ಅವನು ನೆಲ ನೋಡುತ್ತ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಪ್ರಾಜಕ್ತಾಳ ಮೂಗಿನಿಂದ ನಗುವಿನಂಥ ಸದ್ದೊಂದು ಬಂತು, ಅರ್ಧಕ್ಕೇ ನಿಂತಿತು.

ಹೋಟೆಲಿನ ಮಾಲಕ ಅವಿನಾಶ ಮೂವತ್ತರ ಒಳಗಿನವನು. ಕಿವಿಯಲ್ಲಿ ಫೋನು, ಎದೆಯ ಮೇಲೆ ಬಂಗಾರದ ಸರ. ಸಾಲಾಗಿ ಹೂಡಿದ ಒಲೆಗಳ ಮೇಲೆ ದೊಡ್ಡ ದೊಡ್ಡ ಪಾತೇಲಿಗಳು ಕುದಿಯುತ್ತಿದ್ದವು. ಹೊರಗೆ ರವಿವಾರದ ಗಿರಾಕಿಗಳು ಮಕ್ಕಳು ಮರಿ ಕಟ್ಟಿಕೊಂಡು ಪಾಳಿ ಹಚ್ಚಿದ್ದರು. ಮಾಂಸದ ವಾಸನೆಗೆ ಅಕ್ಕನಾಗಮ್ಮ ಬಾಯಿಂದ ಉಸಿರಾಡತೊಡಗಿದಳು.

ಅವನು ತುಂಡು ಬಡಿದು ನೋಡಿದ. "ಏಕ ನಂಬರ. ಏನ ತಗೋತೀರಿ ಮಾವಶಿ?"

"ರೊಕ್ಕ ಬ್ಯಾಡ. ಇಕಿ ನನ್ನ ಮಗಳು. ಪರೀಕ್ಷಾ ಮುಗಿಯೂ ತನಾ ಎರಡು ಹೊತ್ತು ಊಟ ಕೊಡ್ರಿ. ಮಟಣ ಅಲ್ಲ."

"ವೆಜ್ ನಾವ ಮಾಡಂಗಿಲ್ಲ. ಕೆಲಸದ ಪೋರರಿಗಂತ ಕಡ್ಲಿಹಿಟ್ಟಿನ ಪಿಠಲ-ರೊಟ್ಟಿ ಮಾಡ್ತೀವಿ, ಅದ ನಡೀತದಂದ್ರ ಬಂದು ಉಣ್ಲಿ. ಬ್ಯಾರೇ ಪಾತೇಲಿ ಗೀತೇಲಿ ಕೇಳಬಾರ್ದು, ಆಗಂಗಿಲ್ಲ. ಅದ ಕಡಾಯಿ, ಅದ ಚಮಚಾ." ಅವನು ಅವಳ ವಿಭೂತಿ ನೋಡಿ ನಕ್ಕ. "ನಡೀತದೇನ್ರಿ ನಿಮಗ?"

ಅವಳ ತವರಿನಲ್ಲಿ ಮಾಂಸ ತಿನ್ನುವವರ ಮನೆಯ ನೀರೂ ಕುಡಿಯುತ್ತಿರಲಿಲ್ಲ. ಅವಳು ಕಡಾಯಿಗಳನ್ನು ನೋಡಿದಳು. ಒಬ್ಬ ಒಂದೇ ಸವಟಿನಿಂದ ಒಂದರಲ್ಲಿ ತಿರುವಿ ಇನ್ನೊಂದರಲ್ಲಿ ತಿರುವುತ್ತಿದ್ದ.

"ನಡೀತದ," ಅಂದಳು.

"ಮತ್ತ ಇಷ್ಟು ಒಣಾ ಮಾಲು ಬರೇ ಊಟಕ್ಕ ಕೊಡಾಕತ್ತೀರಿ. ಚೋರೀದು ಅಲ್ಲಲ್ಲ? ಎಲ್ಲೀದು ಇದು?"

ಪ್ರಾಜಕ್ತಾ ತಾಯಿಯ ಕಡೆ ನೋಡಲಿಲ್ಲ. ಗುರುಸಿದ್ಧ ಟಾಯರಿನ ಗಾಳಿ ನೋಡಲು ಬಗ್ಗಿದ. ಪಾಳಿಯಲ್ಲಿ ನಿಂತ ಒಬ್ಬ ಮುದುಕ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತಿದ್ದ. ಹುಡುಗಿ ಹಸಿವೆಂದು ಅವನ ತಲೆ ಬಡಿಯುತ್ತಿದ್ದಳು. ಅವರ ಮನೆಯಲ್ಲಿ ಸುಡುತ್ತಾರೋ ಹೂಳುತ್ತಾರೋ. ಸುಡುವವರೇ ಇರಬೇಕು, ಇಲ್ಲಿ ಬಹಳ ಜನ ಸುಡುವವರೇ. ಬೆಳಿಗ್ಗೆ ಆಗಿದ್ದರೆ ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಿತ್ತು, ಕುಣಿಯ ಮಣ್ಣಿನ ಒಲೆ ಅವಳ ಕಣ್ಣ ಮುಂದೆಯೇ ಇತ್ತು.

"ನಮ್ಮ ಹೊಲದ್ದು," ಅಂದಳು ಅಕ್ಕನಾಗಮ್ಮ. "ಬದುವಿನ ಜಾಲಿ. ಹೋದ ವರ್ಷ ಕಡದದ್ದು. ನಾನ ಕಡದದ್ದು, ಬೇಕಾದ್ರ ಕೈ ನೋಡ್ರಿ."

ಅಂಗೈ ಚಾಚಿದಳು. ಗುಳ್ಳೆ ಒಡೆದು ಗಟ್ಟಿಯಾದ ಚರ್ಮ. ಅವಿನಾಶ ನೋಡಿ, "ಅರರರ" ಅಂದು, ಪೋರರಿಗೆ ಕಟ್ಟಿಗೆ ಇಳಿಸಿಕೊಳ್ಳಲು ಕೂಗಿದ. "ಕೂಡ್ರಿ ಮಾವಶಿ, ನೀವೂ ಎರಡು ರೊಟ್ಟಿ ತಿಂದು ಹೋಗ್ರಿ. ಹೊಸಾ ಗಿರಾಕಿ ಹಂಗ ಹೋಗಬಾರ್ದು."

ಒಲೆಗಳ ಹಿಂದೆ ಒಂದು ಬೆಂಚು. ತಾಯಿ ಮಗಳು ಕುಳಿತರು. ಹೊಸ ಕಟ್ಟಿಗೆಯ ಎರಡು ತುಂಡು ಅವರ ಕಣ್ಣ ಮುಂದೆಯೇ ಒಲೆಯೊಳಗೆ ಹೋದವು, ಉರಿ ಮೇಲೆದ್ದಿತು. ಅದರ ಮೇಲೆ ಉಬ್ಬಿದ ರೊಟ್ಟಿ, ಆ ಸವಟಿನಿಂದ ಬಡಿಸಿದ ಪಿಠಲ, ಎರಡು ತಾಟು ಬಂದವು. ಪ್ರಾಜಕ್ತಾ ತಾಟನ್ನು ತೊಡೆಯ ಮೇಲಿಟ್ಟುಕೊಂಡಳು, ಕೈ ಹಚ್ಚಲಿಲ್ಲ.

"ಅವ್ವಾ, ಗಿರಾಕಿಗಳೆಲ್ಲಾ ತಿನ್ನಾಕತ್ತಾರ. ಅದ ಕಟಗೀ ಮ್ಯಾಲಿಂದು."

"ನೋಡಬ್ಯಾಡ ಅತ್ಲಾಗ."

ಅಕ್ಕನಾಗಮ್ಮನ ಫೋನು ರಿಂಗಾಯಿತು. ಕಲ್ಲಣ್ಣ. ಹಿಂದೆ ದನದ ಕೊರಳಗಂಟೆ ಕೇಳುತ್ತಿತ್ತು. ಅಣ್ಣನಿಗೆ ಕೇಳದ ಹಾಗೆ ಕೊಟ್ಟಿಗೆಯಿಂದ ಮಾತಾಡುತ್ತಿದ್ದ. "ಎಲ್ಲಿ ಅದಿ? ಅಣ್ಣಾ ಕೇಳಾಕತ್ತಾನ. ದುಧನಿಯವರ ಫೋನ ಬಂದಿತ್ತು. ಪ್ರಾಜಕ್ತಾನ ಊಟದ್ದು ಏನಾತು, ನಾಳಿ ಹೂಂ ಅನ್ಲೇನು ಅಂತಾನ. ನಾ ಏನ ಹೇಳ್ಲಿ?"

ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ರೊಟ್ಟಿ ಮುರಿದಳು. ತುತ್ತು ಬಾಯಿಗೆ ಹೋಯಿತು. ಮಸಾಲೆಯ, ಕೊಬ್ಬಿನ ರುಚಿ ನಾಲಿಗೆಗೆ ಅಂಟಿತು. ನುಂಗಿದಳು. ಮಗಳ ಮೊಣಕೈಯನ್ನು ತನ್ನ ಮೊಣಕೈಯಿಂದ ತಿವಿದಳು. ಇನ್ನೊಮ್ಮೆ, ಜೋರಾಗಿ ತಿವಿದಳು.

"ಉಣ್ಣಾಕತ್ತಾಳ ಅಂತ ಹೇಳು," ಅಂದಳು ಗಂಡನಿಗೆ. "ನನ್ನ ಮುಂದ ಕುಂತು ಉಣ್ಣಾಕತ್ತಾಳ."

ಪ್ರಾಜಕ್ತಾ ತುತ್ತು ಬಾಯಿಗಿಟ್ಟುಕೊಂಡಳು. ಅದು ಇಳಿಯಲಿಲ್ಲ. ಪಕ್ಕದ ತಂಬಿಗೆ ಎತ್ತಿ, ನೀರು ಕುಡಿದು, ಅದನ್ನು ಒಳಕ್ಕೆ ದೂಡಿದಳು.